ಬೆಂಗಳೂರಿಗೆ ಬರೋಕೆ ಉತ್ತರ ಧ್ರುವದ ದಾರಿ ಯಾಕೆ?

ಪ್ರಶ್ನೆ: 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾರಿತು ಎಂದು ಓದಿದ್ದೆ. ಭೂಪಟದಲ್ಲಿ ನೋಡಿದರೆ ಎರಡೂ ಊರು ಧ್ರುವದಿಂದ ಎಷ್ಟೋ ಕೆಳಗಿವೆ. ಅಷ್ಟು ಮೇಲೆ ಹೋಗಿ ಇಳಿದು ಬರೋದು ಸುತ್ತು ಅಲ್ವಾ? 9ನೇ ತಾರೀಕು ಹೊರಟು 11ಕ್ಕೆ ಇಳಿಯಿತಂತೆ. ಎರಡು ದಿನ ಹಾರಿತೇ?
– ಓದುಗರು, ಶಿವಮೊಗ್ಗ

ಉತ್ತರ: ತಪ್ಪು ನಿಮ್ಮದಲ್ಲ, ಗೋಡೆ ಮೇಲಿನ ಭೂಪಟದ್ದು. ದುಂಡಗಿರುವ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಎಳೆದು ಕೂರಿಸಿದಾಗ ಧ್ರುವದ ಕಡೆಯ ಜಾಗ ಸಿಕ್ಕಾಪಟ್ಟೆ ಹಿಗ್ಗುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ, ಹೂ ಕಟ್ಟುವ ದಾರವನ್ನು ಈ ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಮೇಲಕ್ಕೆ ಜಾರಿ, ಸೈಬೀರಿಯಾ, ಅಲಾಸ್ಕಾ ಕಡೆಯಿಂದ ಹಾಯುತ್ತದೆ. ಅದೇ ಹತ್ತಿರದ ದಾರಿ: ಸುಮಾರು 14,000 ಕಿ.ಮೀ. ಭೂಪಟದ ಮೇಲೆ ಸ್ಕೇಲ್ ಇಟ್ಟು ಪೆಸಿಫಿಕ್ ಸಾಗರ ದಾಟಿಸಿ ಗೆರೆ ಎಳೆದರೆ 16,000 ಮೀರುತ್ತದೆ.

ಆದರೆ ದಾರ ತೋರಿಸಿದ ಹಾದಿ ಟಿಬೆಟ್ ಮೇಲಿದೆ. ಅಲ್ಲಿ ಪೈಲಟ್‌ಗಳಿಗೆ ಒಂದು ತಲೆನೋವು. ಕ್ಯಾಬಿನ್‌ನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ವಿಮಾನ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ, ಇಳಿಯೋದೆಲ್ಲಿಗೆ? ಇನ್ನು ಸರಿಯಾಗಿ ಧ್ರುವದ ನೆತ್ತಿ ಮೇಲೇ ಹೋದರೆ ಎಷ್ಟು ಸುತ್ತು ಅಂತೀರಾ? ಲೆಕ್ಕ ಹಾಕಿದರೆ 400 ಕಿ.ಮೀ.ಗೂ ಕಡಿಮೆ! ಅರ್ಧ ಗಂಟೆಯೂ ಜಾಸ್ತಿ ಆಗುವುದಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಗಾಳಿ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು. ಬೆಂಗಳೂರಿನಿಂದ ಪೆಸಿಫಿಕ್ ಮೇಲೆ ಹೋಗುವಾಗ ಅದು ಬೆನ್ನಿಗೆ ನಿಂತು ನೂಕುತ್ತದೆ. ಅದೇ ದಾರಿಯಲ್ಲಿ ವಾಪಸ್ ಬಂದರೆ ಮುಖಕ್ಕೇ ಹೊಡೆಯುತ್ತದೆ. 14,000 ಕಿ.ಮೀ. ದೂರವನ್ನು ಗಂಟೆಗೆ 900ರ ವೇಗದಲ್ಲಿ ಹೋದರೆ ಹದಿನೈದೂವರೆ ಗಂಟೆ. ದಾರಿಯುದ್ದಕ್ಕೂ 100 ಕಿ.ಮೀ. ಎದುರುಗಾಳಿ ಇದ್ದರೆ ಹದಿನೇಳೂವರೆ! ಹಾಗಾಗಿ ಅವತ್ತಿನ ಗಾಳಿ ನೋಡಿ ಅವತ್ತಿನ ದಾರಿ ಹಾಕುತ್ತಾರೆ. ನೆಟ್‌ನಲ್ಲಿ ಸಿಗುವ ದೂರವನ್ನು ಸುಮ್ನೆ ವೇಗದಿಂದ ಭಾಗಿಸಿದರೆ ಸಮಯ ಸಿಗದಿರುವುದು ಇದಕ್ಕೇ.

ನೀವು ಹೇಳಿದ ಏರ್ ಇಂಡಿಯಾ ವಿಮಾನ ಬೋಯಿಂಗ್ 777. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ. (ಇದನ್ನು ನೀವು ಬರೆಯಲೇ ಇಲ್ಲವಲ್ಲ!)

ತಾರೀಕಿನ ಗೊಂದಲಕ್ಕೆ ಬರೋಣ. ಅದು ಹೊರಟದ್ದು 9ರ ರಾತ್ರಿ ಎಂಟೂವರೆ ಹೊತ್ತಿಗೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಂದರೆ ಆಗಲೇ ಇಲ್ಲಿ 10ರ ಬೆಳಿಗ್ಗೆ ಹತ್ತು. ಅದಕ್ಕೆ 17 ಗಂಟೆ ಕೂಡಿಸಿ: 11ರ ಬೆಳಗಿನ ಜಾವ ಮೂರು. ಹಾರಿದ್ದು ಒಂದು ದಿನವೂ ಅಲ್ಲ. ಆ ವಿಮಾನದಲ್ಲಿ ಬಂದವರನ್ನು ಕರೆದುಕೊಂಡು ಹೋಗಲು ನೀವು ಶಿವಮೊಗ್ಗದಿಂದ ಹೊರಟಿದ್ದರೆ, 10ರ ರಾತ್ರಿ ಊಟಕ್ಕೆ ಮುಂಚೆಯೇ ಮನೆ ಬಿಡಬೇಕಿತ್ತು.