ಸರ್ಜನ್‌ಗಳ ತರಬೇತಿ ಕಾಲದ ಆತ್ಮಕಥನಗಳು: ಎಂಬಿಬಿಎಸ್ ಓದುವವರಿಗೆ ಉಪಯೋಗವೇನು?

ಬಳ್ಳಾರಿಯಲ್ಲಿ ಎಂಬಿಬಿಎಸ್ ಓದುತ್ತಿದ್ದೀರಿ, ಸರ್ಜರಿ ಪೋಸ್ಟಿಂಗ್ ಶುರುವಾಗಿದೆ, ಸರ್ಜನ್‌ಗಳು ತಾವು ಕಲಿತ ಕಾಲದ ಬಗ್ಗೆ ಬರೆದ ಪುಸ್ತಕ ಓದಿದರೆ ಉಪಯೋಗ ಉಂಟೇ ಎಂದು ಕೇಳಿದ್ದೀರಿ. ಅಂಕಕ್ಕಾಗಿಯಾದರೆ ಬೇಡ, ಅದಕ್ಕೆ ಎಸ್‌ಆರ್‌ಬಿ ಎಂಬ ಸರ್ಜರಿ ಪಠ್ಯಪುಸ್ತಕ ಇದೆ. ಆದರೆ ಕೈ ಪಳಗುವುದು ಹೇಗೆ, ಪಳಗುವ ತನಕ ರೋಗಿಯ ಗತಿಯೇನು ಎನ್ನುವುದು ಪಠ್ಯದಲ್ಲಿ ಸಿಗುವುದಿಲ್ಲ. ಈ ಪುಸ್ತಕಗಳನ್ನು ನಾನು ಇಷ್ಟಪಡುವುದು ಅದಕ್ಕೇ.

ಅತುಲ್ ಗವಾಂಡೆಯವರ ‘ಕಾಂಪ್ಲಿಕೇಶನ್ಸ್’ (2002) ಮೊದಲು ಓದಿ. ಬಾಸ್ಟನ್‌ನಲ್ಲಿ ಜನರಲ್ ಸರ್ಜರಿ ರೆಸಿಡೆಂಟ್ (ತರಬೇತಿಯಲ್ಲಿರುವ ವೈದ್ಯ) ಆಗಿದ್ದಾಗಲೇ ಬರೆದದ್ದು. ಅದರಲ್ಲಿ ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ವೇನಿಗೆ, ಅಂದರೆ ಅಭಿಧಮನಿಗೆ, ಇಳಿಸುವ ಕೊಳವೆ) ಹಾಕಲು ಕಲಿಯುವ ಭಾಗವನ್ನು ಅನಾಟಮಿ ಪುಸ್ತಕ ಪಕ್ಕಕ್ಕಿಟ್ಟುಕೊಂಡೇ ಓದಬೇಕು. ಸಬ್‌ಕ್ಲೇವಿಯನ್ ಲೈನಿಗೆ, ಅಂದರೆ ಕ್ಲಾವಿಕಲ್ (ಕೊರಳೆಲುಬು) ಕೆಳಗಿನ ವೇನಿಗೆ ಹಾಕುವಾಗ, ರೋಗಿಯ ತಲೆಯ ಕಡೆ ಸುಮಾರು 15 ಡಿಗ್ರಿ ತಗ್ಗಿಸುತ್ತಾರೆ. ವೇನ್ ತುಂಬಿಕೊಳ್ಳುತ್ತದೆ, ಗಾಳಿ ಒಳಗೆ ಎಳೆದುಕೊಳ್ಳುವ ಅಪಾಯ ತಗ್ಗುತ್ತದೆ. ಕ್ಲಾವಿಕಲ್‌ನ ಒಳಗಿನ ಮೂರನೇ ಒಂದು ಭಾಗ ನಡುಭಾಗಕ್ಕೆ ಸೇರುವ ಕಡೆ, ಎಲುಬಿಗಿಂತ ಸ್ವಲ್ಪ ಕೆಳಗೆ ಸೂಜಿ ಚುಚ್ಚಿ, ಎದೆಗೂಡಿನ ಮೇಲಿನ ಗುಳಿಯ ಕಡೆಗೆ ಮಲಗಿಸಿದಂತೆ ತಳ್ಳುತ್ತಾರೆ. ಸೂಜಿ ಕಡಿದಾದರೆ ಪ್ಲೂರಾ (ಪುಪ್ಪುಸದ ಹೊರಪೊರೆ) ಹರಿದು ನ್ಯೂಮೋಥೋರಾಕ್ಸ್, ಅಂದರೆ ಪುಪ್ಪುಸದ ಸುತ್ತ ಗಾಳಿ ತುಂಬುವುದು, ಆಗಬಹುದು. ಹೊಳೆಯುವ ಕೆಂಪು ರಕ್ತ ಚಿಮ್ಮಿದರೆ ಆರ್ಟರಿಗೆ (ಅಪಧಮನಿಗೆ) ತಗುಲಿದೆ. ಕೊಳವೆಗೆ ದಾರಿ ತೋರುವ ತೆಳು ತಂತಿ, ಗೈಡ್‌ವೈರ್, ಹೆಚ್ಚು ಒಳಗೆ ಹೋದರೆ ಮಾನಿಟರ್‌ನಲ್ಲಿ ಎಕ್ಟೋಪಿಕ್ ಬೀಟ್ (ಲಯ ತಪ್ಪಿದ ಹೃದಯದ ಬಡಿತ) ಕಾಣುತ್ತದೆ, ಆಗ ಹಿಂದಕ್ಕೆಳೆಯಬೇಕು. ವೈರನ್ನಂತೂ ಕೈಯಿಂದ ಬಿಡಲೇಬಾರದು. ಕೊನೆಗೆ ಎದೆಯ ಎಕ್ಸ್‌ರೇ. ಈ ಕ್ರಮ ತಲೆಯಲ್ಲಿದ್ದರೆ, ರೆಸಿಡೆಂಟ್ ಎಲ್ಲಿ ತಡವರಿಸಿದ, ಸೀನಿಯರ್ ಯಾವ ಹೊತ್ತಿಗೆ ಕೈ ಹಾಕಿದರು ಎಂಬುದು ಓದುವಾಗಲೇ ತಿಳಿಯುತ್ತದೆ. ಒಂದು ಎಚ್ಚರ: ಪುಸ್ತಕ ಹಳೆಯದು. ಈಗ ಅಲ್ಟ್ರಾಸೌಂಡ್ ನೋಡಿಕೊಂಡು ಕತ್ತಿನ ಜುಗುಲರ್ ವೇನಿಗೆ ಹಾಕುವ ರೂಢಿಯೇ ಹೆಚ್ಚು.

ಹುಟ್ಟಿನಿಂದ ಬಂದ ಕೈಚಳಕಕ್ಕಿಂತ ಬಿಡದೆ ಅಭ್ಯಾಸ ಮಾಡುವ ಹಟ ದೊಡ್ಡದು ಎನ್ನುತ್ತಾರೆ ಗವಾಂಡೆ. ಹಾಗಿದ್ದೂ ಹೃದಯದ ತೊಂದರೆಯಿದ್ದ ತಮ್ಮ ಮಗನನ್ನು ತರಬೇತಿಯಲ್ಲಿದ್ದ ವೈದ್ಯರಿಗೆ ಬಿಡದೆ ಅನುಭವಿಗೇ ತೋರಿಸಿದೆ ಎಂದು ಮುಚ್ಚಿಡದೆ ಬರೆದಿದ್ದಾರೆ. ಸರ್ಕಾರಿ ಆಸ್ಪತ್ರೆಗೆ ಬರುವ ಸಿರುಗುಪ್ಪ, ಸಂಡೂರು ಕಡೆಯ ಜನಕ್ಕೆ ಹಾಗೆ ಆರಿಸಿಕೊಳ್ಳುವ ದಾರಿ ಇರುವುದಿಲ್ಲ. ಆ ಪುಟಗಳನ್ನು ದಯವಿಟ್ಟು ಎರಡು ಸಲ ಓದಿ.

ಹೆನ್ರಿ ಮಾರ್ಷ್ ಅವರ ‘ಡು ನೋ ಹಾರ್ಮ್’ (2014) ಇಂಟರ್ನ್‌ಶಿಪ್ ಹೊತ್ತಿಗೆ ಸಾಕು. ಅದು ಹಿರಿಯ ನ್ಯೂರೋಸರ್ಜನ್ (ಮೆದುಳು, ನರಗಳ ಸರ್ಜನ್) ತನ್ನ ತಪ್ಪುಗಳನ್ನು ತಿರುಗಿ ನೋಡುವ ಪುಸ್ತಕ. ಇನ್ನೊಬ್ಬ ನ್ಯೂರೋಸರ್ಜನ್ ಪಾಲ್ ಕಲಾನಿಧಿಯವರ ‘ವೆನ್ ಬ್ರೆತ್ ಬಿಕಮ್ಸ್ ಏರ್’ ಪುಸ್ತಕದಲ್ಲಿ ತರಬೇತಿಯ ಭಾಗವಿದ್ದರೂ ಅದರ ಜೀವಾಳ ವೈದ್ಯನೇ ರೋಗಿಯಾಗುವುದು.

ಓದುವಾಗ ನೋಟ್‌ಬುಕ್ಕಿನಲ್ಲಿ ಪ್ರತಿ ಕೇಸಿಗೆ ಮೂರು ವಿಷಯ ಬರೆಯಿರಿ: ಏನು ಮಾಡಿದರು, ಏನು ಕೆಟ್ಟಿತು, ಕೆಟ್ಟದ್ದು ಯಾವ ಲಕ್ಷಣದಿಂದ ಗೊತ್ತಾಯಿತು. ಆಮೇಲೆ ಅದೇ ಅಪಾಯವನ್ನು ವಾರ್ಡಿನ ಮಾತಿನಲ್ಲಿ ಹೇಳಿ ನೋಡಿ: ‘ಅಮ್ಮಾ, ಎದಿ ಮ್ಯಾಲಿನ ಎಲುಬಿನ ಕೆಳಗ ಸೂಜಿ ಹಾಕ್ತೀವಿ. ಒಮ್ಮೊಮ್ಮೆ ಅದು ಪುಪ್ಪುಸಕ್ಕ ತಗಲಿ ಗಾಳಿ ಸೋರತೈತಿ, ಹಂಗಾದ್ರ ಪಕ್ಕದಾಗ ಒಂದು ನಳಿಗಿ ಹಾಕಬೇಕಾಗತೈತಿ.’ ಇಷ್ಟು ತಡವರಿಸದೆ ಹೇಳಲು ಬಂದರೆ ಕನ್ಸೆಂಟ್ ಫಾರಂ (ರೋಗಿಯ ಒಪ್ಪಿಗೆ ಪತ್ರ) ಹಿಡಿದು ಹೋಗಲು ನೀವು ತಯಾರು.