ಬೆರಳು ಕಪ್ಪಾಗಿದೆ, ಡಾಕ್ಟರು ಕಾಯೋಣ ಅಂತಾರೆ

ಪ್ರಶ್ನೆ: ಮಗ ಕೆನಡಾದ ವಿನಿಪೆಗ್‌ನಲ್ಲಿ ಓದುತ್ತಿದ್ದಾನೆ. ಜನವರಿಯಲ್ಲಿ ಒಂದು ರಾತ್ರಿ, ಮೈನಸ್ 30 ಡಿಗ್ರಿ ಚಳಿಯಲ್ಲಿ ಬರೀ ಕ್ಯಾನ್ವಾಸ್ ಶೂ ಹಾಕಿಕೊಂಡು ಬಸ್ಸಿಗೆ ಕಾದಿದ್ದಾನೆ. ರೂಮಿಗೆ ಬಂದಾಗ ಕಾಲ್ಬೆರಳು ಬೆಳ್ಳಗೆ, ಗಟ್ಟಿಯಾಗಿದ್ದವಂತೆ. ಆಮೇಲೆ ಗುಳ್ಳೆ ಎದ್ದು, ಈಗ ಎರಡು ಬೆರಳಿನ ತುದಿ ಕಪ್ಪಾಗಿದೆ. ಅಲ್ಲಿನ ಡಾಕ್ಟರು ‘ಕೆಲವು ವಾರ ಕಾಯೋಣ’ ಅಂತಾರೆ. ಅಷ್ಟರಲ್ಲಿ ಕೊಳೆತ ಮೇಲಕ್ಕೆ ಹತ್ತುವುದಿಲ್ಲವೇ? ಹರಳೆಣ್ಣೆ ಹಚ್ಚಿ ಶಾಖ ಕೊಟ್ಟುಕೋ ಅನ್ನಲೇ? ಬರೀ ಚಳಿಗೆ ಬೆರಳು ಸಾಯುತ್ತದೆಯೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ಮೊದಲು ಶಾಖದ ಮಾತು ಮುಗಿಸೋಣ. ಖಂಡಿತ ಬೇಡ. ಆ ಬೆರಳುಗಳಿಗೆ ಈಗ ಸುಟ್ಟರೂ ಗೊತ್ತಾಗುವುದಿಲ್ಲ. ನಾನು ಸೇನೆಯ ಡಾಕ್ಟರಾಗಿ ಲಡಾಖಿನಲ್ಲಿದ್ದಾಗ, ಮರಗಟ್ಟಿದ ಕಾಲನ್ನು ಬುಖಾರಿಗೆ (ಕೋಣೆ ಬೆಚ್ಚಗಿಡುವ ಸೀಮೆಎಣ್ಣೆ ಒಲೆಗೆ) ಒಡ್ಡಿ ಸುಟ್ಟುಕೊಂಡು ಬಂದ ಜವಾನರನ್ನು ನೋಡಿದ್ದೇನೆ. ಎಣ್ಣೆಯೂ ಬೇಡ, ತಿಕ್ಕುವುದೂ ಬೇಡ.

ಚಳಿಗೆ ಬೆರಳು ಸಾಯುತ್ತದೆ, ನಿಜ. ಹೀಗೆ ಮಾಂಸ ಹೆಪ್ಪುಗಟ್ಟಿ ಕೆಡುವುದಕ್ಕೇ ಫ್ರಾಸ್ಟ್‌ಬೈಟ್ ಅನ್ನುವುದು. ಮೈ ತಣ್ಣಗಾದಾಗ ದೇಹ ಮೊದಲು ಕಾಪಾಡುವುದು ಹೃದಯ, ಮಿದುಳನ್ನು. ಕೈಕಾಲಿನ ರಕ್ತನಾಳ ಬಿಗಿದು ಬಿಸಿರಕ್ತವನ್ನು ಒಳಗೇ ಇಟ್ಟುಕೊಳ್ಳುತ್ತದೆ. ಶುರುವಿನಲ್ಲಿ ಕೆಲವು ನಿಮಿಷಕ್ಕೊಮ್ಮೆ ನಾಳ ಸಡಿಲಿಸಿ ಬೆರಳಿಗೂ ಒಂದಿಷ್ಟು ರಕ್ತ ಬಿಡುತ್ತದೆ. ಚಳಿ ಬಿಡದೆ ಕಾಡಿದರೆ ಅದೂ ನಿಲ್ಲುತ್ತದೆ. ಆಮೇಲೆ ಬೆರಳಿನ ಮಾಂಸ ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗಿಳಿದರೆ ಸಾಕು, ಹೆಪ್ಪುಗಟ್ಟಲು ಶುರು. ಸಾಮಾನ್ಯವಾಗಿ ಮೊದಲು ಮಂಜಿನ ಹರಳು ಹುಟ್ಟುವುದು ಜೀವಕೋಶಗಳ ಒಳಗಲ್ಲ, ಅವುಗಳ ನಡುವಿನ ನೀರಿನಲ್ಲಿ. ಆ ನೀರು ಹರಳಾದಂತೆ ಉಳಿದ ದ್ರವದಲ್ಲಿ ಉಪ್ಪಿನಂಶ ಏರಿ, ಕೋಶದೊಳಗಿನ ನೀರನ್ನೂ ಹೊರಗೆಳೆಯುತ್ತದೆ. ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳು ನೀರು ಬಿಟ್ಟು ಮುದುಡುತ್ತದಲ್ವಾ, ಹಾಗೆ.

ಇಷ್ಟೇ ಆಗಿದ್ದರೆ ಎಷ್ಟೋ ಬೆರಳು ಉಳಿಯುತ್ತಿದ್ದವು. ಹೆಚ್ಚಿನ ಅನಾಹುತ ಹೆಪ್ಪು ಕರಗಿದ ಮೇಲೆ. ಚಳಿಗೆ ಸಣ್ಣ ರಕ್ತನಾಳಗಳ ಒಳಪದರ ಕೆಟ್ಟಿರುತ್ತದೆ. ರಕ್ತ ವಾಪಸ್ ಬಂದ ಕೂಡಲೇ ನೀರು ಸೋರಿ ಬಾವು ಬರುತ್ತದೆ, ಗುಳ್ಳೆ ಏಳುತ್ತದೆ. ಕೆಟ್ಟ ಜಾಗದಲ್ಲಿ ರಕ್ತ ಗರಣೆ ಕಟ್ಟಿ ನಾಳ ಮತ್ತೆ ಮುಚ್ಚುತ್ತದೆ. ಗುಳ್ಳೆಯಲ್ಲಿ ತಿಳಿನೀರಿದ್ದರೆ ನಮಗೆ ಸಮಾಧಾನ. ರಕ್ತ ತುಂಬಿದ್ದರೆ ಪೆಟ್ಟು ಆಳಕ್ಕಿಳಿದಿದೆ ಅಂತ. ಗರಣೆ ಕರಗಿಸುವ ಮದ್ದು ಇದೆ, ಆದರೆ ಅದನ್ನು ಸುಮಾರು ಒಂದು ದಿನದೊಳಗೆ ಕೊಡಬೇಕು. ನಾಳ ಹಿಗ್ಗಿಸುವ ಐಲೋಪ್ರಾಸ್ಟ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದೂ ಬೇಗ ಕೊಟ್ಟರೇ ಉಪಯೋಗ. ನಿಮ್ಮ ಮಗ ಆ ಹಂತ ದಾಟಿದ್ದಾನೆ.

ಈಗ ಕಾಯುವ ವಿಷಯ. ಆ ಡಾಕ್ಟರು ಹೇಳಿದ್ದು ಸರಿ. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವಿನ ಗೆರೆ ಸ್ಪಷ್ಟವಾಗಲು ವಾರಗಳು, ಕೆಲವೊಮ್ಮೆ ಎರಡು ಮೂರು ತಿಂಗಳೇ ಬೇಕು. ಕಪ್ಪಗೆ ಒಣಗಿದ್ದೆಲ್ಲ ಪೂರ್ತಿ ಸತ್ತಿದೆ ಅಂತಲ್ಲ. ಎಷ್ಟೋ ಸಲ ಅದು ಬರೀ ಮೇಲಿನ ಚಿಪ್ಪು, ಒಳಗೆ ಹೊಸ ಚರ್ಮ ಬಂದಿರುತ್ತದೆ. ‘ಜನವರಿಯಲ್ಲಿ ಹೆಪ್ಪುಗಟ್ಟಿದ್ದನ್ನು ಜುಲೈನಲ್ಲಿ ಕತ್ತರಿಸು’ ಅಂತ ಸರ್ಜನ್‌ಗಳಲ್ಲಿ ಹಳೇ ಮಾತೇ ಇದೆ. ಅವಸರಪಟ್ಟರೆ ಉಳಿಯುವ ಬೆರಳೂ ಹೋಗುತ್ತದೆ. ಒಣಗಿರುವವರೆಗೆ ಕೊಳೆತ ಮೇಲಕ್ಕೆ ಹತ್ತುವುದಿಲ್ಲ. ಒದ್ದೆಯಾದರೆ, ಕೀವು ಅಥವಾ ವಾಸನೆ ಬಂದರೆ, ಜ್ವರ ಬಂದರೆ, ಕೆಂಪು ಪಾದದ ಕಡೆ ಏರಿದರೆ ಅದೇ ದಿನ ಆಸ್ಪತ್ರೆಗೆ ಹೋಗಲಿ.

ಇನ್ನೊಂದು ಮಾತನ್ನು ಅವನ ರೂಮ್‌ಮೇಟ್‌ಗಳಿಗೂ ಹೇಳಿ. ಮಂಜು ಹಾಕಿ ಉಜ್ಜಬೇಕು ಅಂತ ಇಂದಿಗೂ ಹೇಳುವವರಿದ್ದಾರೆ. 1812ರಲ್ಲಿ ನೆಪೋಲಿಯನ್ ಸೇನೆ ಮಾಸ್ಕೋದಿಂದ ಹಿಂದಿರುಗುವಾಗ, ಸೈನಿಕರು ರಾತ್ರಿ ಬೆಂಕಿಗೆ ಕಾಲು ಕಾಯಿಸಿ, ಬೆಳಿಗ್ಗೆ ಮತ್ತೆ ಮಂಜಿನಲ್ಲಿ ನಡೆದು ಕಾಲು ಕಳೆದುಕೊಳ್ಳುತ್ತಿದ್ದರು. ಅದನ್ನು ಕಂಡ ಸರ್ಜನ್ ಲಾರೆ, ಬೆಂಕಿ ಬೇಡ, ಮಂಜಿನಿಂದ ಉಜ್ಜಿ ಎಂದ. ಅವನು ಕಂಡಿದ್ದು ನಿಜ, ಕೊಟ್ಟ ಮದ್ದು ತಪ್ಪು. ಆ ತಪ್ಪು ನೂರು ವರ್ಷಕ್ಕೂ ಜಾಸ್ತಿ ನಡೆಯಿತು! ಬೆರಳು ಇನ್ನೂ ಹೆಪ್ಪುಗಟ್ಟಿರುವಾಗ ಸರಿಯಾದ ಕ್ರಮ ಅಂದರೆ 37ರಿಂದ 39 ಡಿಗ್ರಿ ಬೆಚ್ಚಗಿನ ನೀರಿನಲ್ಲಿ, ಸುಮಾರು ಅರ್ಧ ಗಂಟೆ ಅದ್ದುವುದು. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಲೇಬಾರದು. ಹಾಗೇ ನಡೆದು ಆಸ್ಪತ್ರೆ ಸೇರುವುದು ವಾಸಿ.

ಸಿಗರೇಟು ಸೇದುತ್ತಾನಾ ಕೇಳಿ ನೋಡಿ. ಸೇದಿದರೆ ಉಳಿದ ನಾಳಗಳೂ ಬಿಗಿಯುತ್ತವೆ. ಮುಂದಿನ ಚಳಿಗಾಲದಲ್ಲಿ ಆ ಬೆರಳುಗಳು ಬೇಗ ನೋಯಬಹುದು, ಜೋಮು ಹಿಡಿಯಬಹುದು. ಕಾಲು ಬಿಗಿಯದ, ಒಳಗೆ ಉಣ್ಣೆಯಿರುವ ಬೂಟು ಕೊಳ್ಳಲು ದುಡ್ಡು ಕಳಿಸಿ. ಹರಳೆಣ್ಣೆ ಬೇಡ.

ಪ್ರಶ್ನೆ: ಡಿಸೆಂಬರ್ ಬೆಳಿಗ್ಗೆ ಸ್ಕೂಟರ್ ಓಡಿಸಿದರೆ ನನ್ನ ಕೈಬೆರಳು ಬೆಳ್ಳಗಾಗಿ ಮರಗಟ್ಟುತ್ತವೆ. ಇದೂ ಫ್ರಾಸ್ಟ್‌ಬೈಟಾ?
– ಓದುಗಿ, ಮಡಿಕೇರಿ

ಉತ್ತರ: ಅಲ್ಲ. ಮಡಿಕೇರಿ ಚಳಿಗೆ ಮಾಂಸ ಹೆಪ್ಪುಗಟ್ಟುವುದಿಲ್ಲ. ನಾಳ ಅತಿಯಾಗಿ ಬಿಗಿಯುವ ರೇನಾಡ್ಸ್ ತೊಂದರೆ ಇರಬಹುದು. ಕೈಗವಸು ಹಾಕಿ. ಬೆರಳ ತುದಿಯಲ್ಲಿ ಹುಣ್ಣಾದರೆ, ಕೀಲು ನೋವೂ ಇದ್ದರೆ ಒಮ್ಮೆ ಫಿಸಿಷಿಯನ್‌ಗೆ ತೋರಿಸಿ.