ಭೂಗೋಳಶಾಸ್ತ್ರ ವಿಭಾಗದ ಅತ್ಯುತ್ತಮ ವಿದ್ಯಾರ್ಥಿಯನ್ನು ಗುರುತಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಉಡುಪಿಯ ನಿಮ್ಮ ಕಾಲೇಜಿನ ಭೂಗೋಳಶಾಸ್ತ್ರ ವಿಭಾಗದ ಹಳೆ ವಿದ್ಯಾರ್ಥಿಗಳು ಸೇರಿ ಒಂದು ಲಕ್ಷ ರೂಪಾಯಿಯ ದತ್ತಿನಿಧಿ ಕೂಡಿಸಿದ್ದಾರೆ, ಅದರ ಬಡ್ಡಿಯಿಂದ ಪ್ರತಿವರ್ಷ ಅಂತಿಮ ಪದವಿಯ ಒಬ್ಬ ಉತ್ತಮ ವಿದ್ಯಾರ್ಥಿಗೆ ಚಿನ್ನದ ಪದಕ ಕೊಡಬೇಕೆಂಬುದು ಅವರ ಅಪೇಕ್ಷೆ, ಅತಿ ಹೆಚ್ಚು ಅಂಕ ಬಂದವರಿಗೇ ಕೊಟ್ಟರೆ ಸಾಲದೇ, ಬೇರೆ ಮಾನದಂಡ ಇಟ್ಟರೆ ತಕರಾರು ಬರುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಪದವಿ ತರಗತಿಗಳಿಗೆ ಇದೇ ವಿಷಯವನ್ನು ಪಾಠ ಮಾಡಿ ನಿವೃತ್ತನಾದವನು. ಇಂಥ ಆಯ್ಕೆ ಸಮಿತಿಗಳಲ್ಲಿಯೂ ಕುಳಿತಿದ್ದೇನೆ. ಅಂಕವನ್ನು ಅರ್ಜಿ ಹಾಕುವ ಅರ್ಹತೆಯಾಗಿ ಮಾತ್ರ ಇಟ್ಟುಕೊಂಡು, ಪ್ರಶಸ್ತಿಯನ್ನು ವಿದ್ಯಾರ್ಥಿ ತಾನೇ ಹೊರಗೆ ಹೋಗಿ ಅಳೆದು ಬಿಡಿಸಿದ ಒಂದು ನಕ್ಷೆಗೆ ಮತ್ತು ಅದರ ಹಿಂದಿರುವ ಟಿಪ್ಪಣಿ ಪುಸ್ತಕಕ್ಕೆ ಕೊಡಿ ಎಂಬುದು ನನ್ನ ಸಲಹೆ.

ಅಂಕ ಗಳಿಸಿದವರನ್ನು ಗುರುತಿಸಲು ರ‍್ಯಾಂಕ್ ಪಟ್ಟಿ ಇದೆ, ಘಟಿಕೋತ್ಸವ ಇದೆ. ಅದೇ ಹುಡುಗಿಗೋ ಹುಡುಗನಿಗೋ ನೀವು ಇನ್ನೊಂದು ಪದಕ ಕೊಟ್ಟರೆ ಹೊಸದಾಗಿ ಯಾರನ್ನೂ ಗುರುತಿಸಿದಂತಾಗುವುದಿಲ್ಲ. ಅಲ್ಲದೆ ಭೂಗೋಳಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ನೆನಪಿಗೆ ಸಿಗುವಷ್ಟು ಬೆಲೆ ನೋಟಕ್ಕೆ ಸಿಗುವುದಿಲ್ಲ. ಮಾನ್ಸೂನಿನ ಕಾರಣಗಳನ್ನು ಎರಡು ಪುಟ ಬರೆದು ಪೂರ್ಣ ಅಂಕ ಪಡೆದವರಲ್ಲಿ ಎಷ್ಟೋ ಮಂದಿಗೆ ತಮ್ಮ ಮನೆಯ ಬಾವಿಯ ನೀರು ಯಾವ ತಿಂಗಳಿನಿಂದ ಇಳಿಯತೊಡಗುತ್ತದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಯ ಅಂಕ ಇದೆಯಲ್ಲ ಎಂದು ನೀವು ಹೇಳಬಹುದು. ಪ್ರಾಯೋಗಿಕ ರೆಕಾರ್ಡ್ ಪುಸ್ತಕಗಳು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಹೇಗೆ ಕೈಬದಲಾಗುತ್ತವೆ ಎಂಬುದು ನಿಮಗೂ ತಿಳಿದಿರುತ್ತದೆ. ಆದರೂ ಆ ಪುಸ್ತಕದಲ್ಲಿಯೇ ಒಬ್ಬ ನಿಜವಾದ ಭೂಗೋಳ ವಿದ್ಯಾರ್ಥಿಯನ್ನು ಪತ್ತೆ ಹಚ್ಚುವ ಒಂದು ಜಾಗ ಇದೆ. ಪ್ರಿಸ್ಮ್ಯಾಟಿಕ್ ಕಂಪಾಸ್ ಸರ್ವೇ, ಅಂದರೆ ದಿಕ್ಕಿನ ಕೋನವನ್ನು ಓದುವ ದಿಕ್ಸೂಚಿಯಿಂದ ಅಳತೆ, ಮಾಡುವಾಗ ಮೈದಾನದ ಸುತ್ತ ಐದಾರು ಕಡೆ ಗೂಟ ನೆಟ್ಟು, ಒಂದರಿಂದ ಮತ್ತೊಂದಕ್ಕೆ ದಿಕ್ಕಿನ ಕೋನವನ್ನೂ ದೂರವನ್ನೂ ಅಳೆದು ಕಾಗದದ ಮೇಲೆ ಗೆರೆ ಎಳೆಯುತ್ತಾ ಬಂದರೆ, ಕೊನೆಯ ಗೆರೆ ಹೊರಟ ಬಿಂದುವಿಗೇ ಬಂದು ಸೇರಬೇಕು. ಆದರೆ ಟೇಪು ಜೋಲು ಬಿದ್ದಿರುತ್ತದೆ, ಹತ್ತಿರದ ಕಬ್ಬಿಣದ ಗೋಲುಕಂಬ ಕಂಪಾಸಿನ ಮುಳ್ಳನ್ನು ಎಳೆದಿರುತ್ತದೆ, ಹೀಗಾಗಿ ಅದು ಸಾಮಾನ್ಯವಾಗಿ ಸೇರುವುದಿಲ್ಲ. ಆ ಅಂತರವೇ ಕ್ಲೋಸಿಂಗ್ ಎರರ್. ಹೆಚ್ಚಿನವರು ಕೋನಗಳನ್ನು ಅಳಿಸಿ ತಿದ್ದಿ ಗೆರೆಯನ್ನು ಚೊಕ್ಕವಾಗಿ ಕೂಡಿಸಿಬಿಡುತ್ತಾರೆ. ಅಪರೂಪಕ್ಕೆ ಒಬ್ಬರು ಅಂತರವನ್ನು ಹಾಗೆಯೇ ತೋರಿಸಿ, ಒಂದೇ ಗೆರೆಯನ್ನು ಈ ತುದಿಯಿಂದ ಅಳೆದ ಕೋನಕ್ಕೂ ಆ ತುದಿಯಿಂದ ಅಳೆದ ಕೋನಕ್ಕೂ ಇರಬೇಕಾದ 180 ಡಿಗ್ರಿಯ ವ್ಯತ್ಯಾಸ ಬಾರದೆ ಇದ್ದ ಜಾಗವನ್ನು ಗುರುತು ಹಾಕಿ, ಕಾರಣ ಇದಿರಬಹುದು ಎಂದು ಬದಿಯಲ್ಲಿ ಬರೆದು, ಆಮೇಲೆ ದೋಷವನ್ನು ಪ್ರತಿ ಗೆರೆಯ ಉದ್ದಕ್ಕೆ ತಕ್ಕಂತೆ ಹಂಚಿರುತ್ತಾರೆ. ನನ್ನ ಮಟ್ಟಿಗೆ ನಿಮ್ಮ ಪದಕ ಅಂಥವರದ್ದು. ಒಂದು ಚೂರೂ ತಪ್ಪಿಲ್ಲದೆ ಕೂಡಿಕೊಂಡ ಸರ್ವೇಯನ್ನು ಕಂಡಾಗ ನಾನು ಮೊದಲು ರಬ್ಬರಿನ ಗುರುತು ಹುಡುಕುತ್ತೇನೆ.

ಬೇರೆ ಕಡೆಗಳಲ್ಲಿಯೂ ಇದಕ್ಕೆ ಪೂರ್ವನಿದರ್ಶನ ಇದೆ. 1830ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಸಂಶೋಧನಾ ಗುಂಪುಗಳು ಪದವಿ ವಿದ್ಯಾರ್ಥಿಗಳಿಗೆ ಕೊಡುವ ಬಹುಮಾನಗಳು ಅವರ ಪ್ರೌಢಪ್ರಬಂಧಕ್ಕೆ, ಅಂದರೆ ಒಂದು ನಿರ್ದಿಷ್ಟ ಕೆಲಸಕ್ಕೆ, ಸಲ್ಲುತ್ತವೆ. ಅಮೆರಿಕದಲ್ಲಿ 1928ರಲ್ಲಿ ಆರಂಭವಾದ ಗಾಮಾ ಥೀಟಾ ಅಪ್ಸಿಲಾನ್ ಎಂಬ ಭೂಗೋಳ ಗೌರವ ಸಂಘ ಅಂಕಗಳನ್ನು ನೋಡುತ್ತದಾದರೂ ಒಬ್ಬರನ್ನೇ ಆರಿಸದೆ, ನಿಗದಿತ ಮಟ್ಟ ಮುಟ್ಟಿದ ಎಲ್ಲರನ್ನೂ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತದೆ. ಅಂಕಕ್ಕೆ ಒಂದು ಮಟ್ಟ, ಪ್ರಶಸ್ತಿಗೆ ಒಂದು ಕೆಲಸ: ಎರಡನ್ನೂ ನೀವು ಒಟ್ಟಿಗೆ ಇಟ್ಟುಕೊಳ್ಳಬಹುದು.

ಕೆಲಸಕ್ಕೆ ವಿಷಯ ಹುಡುಕಿಕೊಂಡು ಉಡುಪಿಯವರು ದೂರ ಹೋಗಬೇಕಾಗಿಲ್ಲ. ತಗ್ಗಿನ ಬೈಲು, ನಡುಮಟ್ಟದ ಮಜಲು, ಎತ್ತರದ ಬೆಟ್ಟು ಎಂದು ನಮ್ಮ ಹಿರಿಯರು ಗದ್ದೆಗಳನ್ನು ನೀರಿನ ನಿಲುಗಡೆಗೆ ತಕ್ಕಂತೆ ವಿಂಗಡಿಸಿದ್ದಾರೆ. ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ ಎಂಬ ಮೂರು ಭತ್ತದ ಬೆಳೆಗಳಲ್ಲಿ ಯಾವುದು ಎಲ್ಲಿಯವರೆಗೆ ಏರುತ್ತಿತ್ತು, ಇಂದು ಆ ಜಾಗದಲ್ಲಿ ಅಡಿಕೆ ತೋಟ ಇದೆಯೋ ಮನೆ ನಿವೇಶನ ಇದೆಯೋ ಬೇಸಾಯವಿಲ್ಲದೆ ಹಡಿಲು ಬಿದ್ದಿದೆಯೋ ಎಂದು ಒಂದೇ ಒಂದು ವಾರ್ಡಿನ ನಕ್ಷೆ ಮಾಡಿದರೆ ಅದು ಪಠ್ಯಪುಸ್ತಕದ ಭೂಬಳಕೆ ಅಧ್ಯಾಯಕ್ಕಿಂತ ಹೆಚ್ಚು ಹೇಳುತ್ತದೆ. ಸುವರ್ಣಾ ಮತ್ತು ಸೀತಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆಯಲ್ಲಿ ಮಳೆಗಾಲಕ್ಕೆ ಕೊರೆದುಹೋಗುವ ಮರಳು ಬೇಸಿಗೆಯ ಹೊತ್ತಿಗೆ ಎಷ್ಟು ಮರಳಿ ಬರುತ್ತದೆ ಎಂಬುದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಎಮೆರಿ ಎಂಬ ಅಮೆರಿಕದ ಸಾಗರವಿಜ್ಞಾನಿ 1961ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಗುರುತು ಹಾಕಿದ ಎರಡು ಕೋಲು, ಒಂದು ಹಗ್ಗ ಮತ್ತು ಕಣ್ಣಿಗೆ ಕಾಣುವ ದಿಗಂತ ಇದ್ದರೆ ಸಾಕು: ಮುಂದಿನ ಕೋಲಿನ ತುದಿಯನ್ನೂ ದಿಗಂತವನ್ನೂ ಒಂದೇ ರೇಖೆಗೆ ತಂದು ಹಿಂದಿನ ಕೋಲಿನ ಮೇಲೆ ಓದಿದರೆ ಎರಡರ ನಡುವಿನ ಇಳಿಜಾರು ಸಿಗುತ್ತದೆ. ದಿಗಂತದ ಕೊರತೆಯಂತೂ ನಮ್ಮ ಕರಾವಳಿಗಿಲ್ಲ. ನಕ್ಷೆ ಮಾಡಲು ಅನುಮತಿ ಬೇಕಲ್ಲವೇ ಎಂದು ಪ್ರಾಂಶುಪಾಲರು ಹಿಂಜರಿದರೆ, 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ ನಿರ್ಬಂಧಿತ ಅಂಶಗಳನ್ನು ಬಿಟ್ಟು ಉಳಿದುದಕ್ಕೆ ಭಾರತೀಯರು ಪೂರ್ವಾನುಮತಿ ಪಡೆಯಬೇಕಾಗಿಲ್ಲ ಎಂಬುದನ್ನು ತಿಳಿಸಿ.

ವರದಿಯನ್ನು ಯಾರೂ ಬರೆಸಬಹುದು, ಈಗಂತೂ ಕಂಪ್ಯೂಟರೇ ಬರೆದುಕೊಡುತ್ತದೆ. ಆದ್ದರಿಂದ ಕೊನೆಯ ಸುತ್ತಿಗೆ ಬಂದ ಮೂವರನ್ನು ಮಣಿಪಾಲದ ಗುಡ್ಡದಂಚಿನ ವೀಕ್ಷಣಾ ತಾಣವಾದ ಎಂಡ್ ಪಾಯಿಂಟಿಗೆ ಕರೆದೊಯ್ಯಿರಿ. 1:50,000 ಪ್ರಮಾಣದ ಟೋಪೋಶೀಟ್ (ನೆಲದ ಏರಿಳಿತ ತೋರಿಸುವ ಸರ್ವೇ ನಕ್ಷೆ) ಒಂದನ್ನು ಕೈಗೆ ಕೊಟ್ಟು, ಕೆಳಗೆ ಕಾಣುವ ಸುವರ್ಣಾ ನದಿಯ ತಿರುವಿಗೆ ಹೊಂದುವಂತೆ ಹಾಳೆಯನ್ನು ತಿರುಗಿಸಿ ಹಿಡಿಯಲು ಹೇಳಿ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ, 20 ಮೀಟರ್ ಅಂತರದ ಸಮೋನ್ನತ ರೇಖೆಗಳಲ್ಲಿ ತಾವು ನಿಂತ ಗುಡ್ಡದ ಅಂಚು ಯಾವುದು ಎಂದು ತೋರಿಸಲಿ. ಹಾಳೆಯಲ್ಲಿ ಇರುವುದು ಆದರೆ ಈಗ ಕಣ್ಣಿಗೆ ಕಾಣದ್ದು ಏನು ಎಂದು ಕೇಳಿ. ಹತ್ತು ನಿಮಿಷದಲ್ಲಿ ಸಮಿತಿಯವರಲ್ಲಿ ಭಿನ್ನಾಭಿಪ್ರಾಯ ಉಳಿಯುವುದು ಕಷ್ಟ. ಸಮಿತಿಯಲ್ಲಿ ಕಾಲೇಜಿನ ಹೊರಗಿನ ಒಬ್ಬರು ಇರಲೇಬೇಕು. ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನ ವಿಭಾಗದಂಥ ಕಡೆಯಿಂದ ಒಬ್ಬರನ್ನು ವಿನಂತಿಸಿಕೊಳ್ಳಬಹುದು.

ತಕರಾರಿನ ಮಾತಿಗೆ ಬಂದರೆ, ನಿಯಮಗಳನ್ನು ವರ್ಷದ ಆರಂಭದಲ್ಲಿಯೇ ಬರೆದು ಫಲಕಕ್ಕೆ ಹಚ್ಚಿದರೆ ಬಹುಪಾಲು ತಕರಾರು ಹುಟ್ಟುವುದೇ ಇಲ್ಲ. ನನಗೆ ಹೆಚ್ಚು ಕಾಳಜಿ ಇರುವುದು ಅರ್ಜಿಯನ್ನೇ ಹಾಕದವರ ಬಗ್ಗೆ. ರಾತ್ರಿ ಕೇಟರಿಂಗ್ ಕೆಲಸಕ್ಕೆ ಹೋಗಿ ಶುಲ್ಕ ಕಟ್ಟುವ ಹುಡುಗರಿಗೂ, ಸಂಜೆ ಆರರೊಳಗೆ ಮನೆ ಸೇರಬೇಕಾದ ಹುಡುಗಿಯರಿಗೂ ಆಗುಂಬೆಯ ತಪ್ಪಲಿಗೆ ಹೋಗಿ ಅಧ್ಯಯನ ಮಾಡಿ ಎನ್ನಲಾಗದು. ಕೆಲಸದ ಜಾಗ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇದ್ದರೂ ಪೂರ್ಣ ಮನ್ನಣೆ ಉಂಟು ಎಂದು ನಿಯಮದಲ್ಲಿಯೇ ಸ್ಪಷ್ಟವಾಗಿ ಬರೆಯಿರಿ. ಕೋಲು ಹಿಡಿದು ಸಹಾಯ ಮಾಡಿದ ಸಹಪಾಠಿಗಳ ಹೆಸರೂ ನಕ್ಷೆಯ ಕೆಳಗೆ ಇರಲಿ.

ಚಿನ್ನದ ಪದಕವನ್ನು ಮಾತ್ರ ಬಿಟ್ಟುಬಿಡಿ. ಒಂದು ಲಕ್ಷಕ್ಕೆ ಶೇಕಡಾ 6.5ರ ಬಡ್ಡಿ ಹಿಡಿದರೂ ವರ್ಷಕ್ಕೆ ಬರುವುದು 6,500 ರೂಪಾಯಿ. ಇಂದಿನ ದರದಲ್ಲಿ ಅದು ಒಂದು ಗ್ರಾಂ ಚಿನ್ನಕ್ಕೂ ಸಾಲದು, ಕೊನೆಗೆ ಉಳಿಯುವುದು ಚಿನ್ನದ ನೀರು ಕುಡಿಸಿದ ತಗಡು. ಅದೇ ಹಣದಲ್ಲಿ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಒಂದು ಪ್ರತಿಯನ್ನು ಆ ಊರಿನ ಪಂಚಾಯಿತಿಗೆ ಕೊಟ್ಟು, ಉಳಿದುದನ್ನು ವಿದ್ಯಾರ್ಥಿಗೆ ನಗದಾಗಿ ಕೊಡಬಹುದು. ಪ್ರಮಾಣಪತ್ರದಲ್ಲಿ ‘ಉತ್ತಮ ವಿದ್ಯಾರ್ಥಿ’ ಎಂದಷ್ಟೇ ಬರೆಯದೆ ಕೆಲಸದ ಶೀರ್ಷಿಕೆ, ಸ್ಥಳ, ಬಳಸಿದ ವಿಧಾನ ಇವನ್ನು ನಮೂದಿಸಿ. ಸ್ನಾತಕೋತ್ತರ ಪ್ರವೇಶಕ್ಕೋ ಉದ್ಯೋಗದ ಸಂದರ್ಶನಕ್ಕೋ ಹೋದಾಗ ಎದುರಿಗಿರುವವರಿಗೆ ಕೇಳಲು ಒಂದು ವಿಷಯ ಸಿಗುತ್ತದೆ. ಯೋಗ್ಯವಾದ ಕೆಲಸ ಬಾರದ ವರ್ಷ ಪ್ರಶಸ್ತಿ ತಡೆದು ಬಡ್ಡಿಯನ್ನು ಅಸಲಿಗೆ ಸೇರಿಸುವ ನಿಯಮವೂ ಇರಲಿ. ಹಳೆ ವಿದ್ಯಾರ್ಥಿಗಳಿಗೆ ಇದು ಹಿಡಿಸಲಿಕ್ಕಿಲ್ಲ, ಆದರೂ ಪಟ್ಟು ಬಿಡಬೇಡಿ.

ಅರ್ಜಿ ಕರೆಯುವುದನ್ನು ಮೇ ತಿಂಗಳಾಚೆಗೆ ಮುಂದೂಡಬೇಡಿ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಸುಮಾರು 4,000 ಮಿಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿದುಹೋಗುತ್ತದೆ. ಬಾವಿಯ ಮಟ್ಟ ಅಳೆಯುವವರಿಗೂ ಕಡಲತೀರ ಅಳೆಯುವವರಿಗೂ ಮಳೆ ಹಿಡಿಯುವ ಮೊದಲಿನ ಒಂದು ಓದು ಕೈಯಲ್ಲಿ ಇಲ್ಲದಿದ್ದರೆ ಆಮೇಲೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಅಂತಿಮ ವರ್ಷದವರಿಗೆ ಪ್ರಶಸ್ತಿ ಎಂದಾದರೆ ಪ್ರಕಟಣೆ ಎರಡನೆಯ ವರ್ಷದ ತರಗತಿಗೆ ಹೋಗಬೇಕು.